ಮೊಮ್ಮಗನೂ ಮೀನಿನ ಗಾಳವೂ

ಬಾಣಸವೆಂದರೆ ಹಳಗನ್ನಡದಲ್ಲಿ ಅಡಿಗೆ, ಬಾಣಸಿಗನೆಂದರೆ ಅಡಿಗೆಯವನು. ಆದುದರಿಂದ ನಮ್ಮ ಬಾಣಸವಾಡಿಯು ಪೂರ್ವದಲ್ಲಿ ಯಾವನೋ ಅರಸನ ಅಡಿಗೆಯವರ ಬೀಡಾಗಿದ್ದಿರಬೇಕೆಂದು ತರಗತಿಯಲ್ಲಿ ಹುಡುಗರಿಗೆ ಹೇಳಿ ನಗಿಸುತ್ತಿದ್ದೆನು. ಅದು ಮೇಷ್ಟರ ವಿನೋದವೇ ಹೊರತು ಸಂಶೋಧನೆಯಲ್ಲ. ನನ್ನ ಬಾಲ್ಯದಲ್ಲಿ ಇದು ದಂಡಿನ ಪ್ರದೇಶದ ಆಚೆಗೆ ರಾಗಿಯ ಹೊಲಗಳ ನಡುವೆ ಇದ್ದ ಹಳ್ಳಿ. ಮಳೆಗಾಲದಲ್ಲಿ ಕಲ್ಕೆರೆಯ ಕಡೆಗೆ ಹೋದರೆ, ಬಿದಿರಿನ ಗಳುವಿಗೆ ದಾರ ಕಟ್ಟಿ, ಜೋಳದ ದಂಟಿನ ಬೆಂಡನ್ನು ನೀರಿನಲ್ಲಿ ತೇಲಬಿಟ್ಟು, ಮೌನವ್ರತ ಹಿಡಿದವರಂತೆ ಕೆರೆಯ ಏರಿಯ ಮೇಲೆ ಕುಳಿತ ಹುಡುಗರು ಕಾಣುತ್ತಿದ್ದರು. ನಮ್ಮ ಮನೆಯಲ್ಲಿ ಮೀನು ತಿನ್ನುವ ವಾಡಿಕೆ ಇಲ್ಲ. ನಾನು ದೂರದಲ್ಲಿ ನಿಂತು ನೋಡಿದವನೇ ಹೊರತು ಗಾಳವನ್ನು ಮುಟ್ಟಿದವನಲ್ಲ. ಅರುವತ್ತನೆಯ ವಯಸ್ಸಿನಲ್ಲಿ ಮುಟ್ಟಬೇಕಾಗಿ ಬಂದುದು ಮೊಮ್ಮಗನ ದೆಸೆಯಿಂದ.

ಮಗಳು ಅಳಿಯಂದಿರು ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿರುವರು. ಅಲ್ಲಿ ರಜಾದಿನಗಳಲ್ಲಿ ಸಂಸಾರಸಮೇತರಾಗಿ ಬುತ್ತಿ ಕಟ್ಟಿಕೊಂಡು ಸರೋವರಕ್ಕೆ ಹೋಗಿ, ಬಾಸ್ ಎಂಬ ಮೀನಿಗೆ ಗಾಳ ಹಾಕುವುದು ಬಹುಜನರ ಪದ್ಧತಿ. ದೊಡ್ಡವರಿಗೆ ಸರ್ಕಾರದ ರಹದಾರಿ ಬೇಕು, ಹದಿನೇಳು ತುಂಬದ ಮಕ್ಕಳಿಗೆ ಬೇಡ. ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಷ್ಟು ಉದ್ದದ್ದಿರಬೇಕು ಎಂಬುದಕ್ಕೂ ಕಟ್ಟಳೆಯುಂಟು. ನಮ್ಮ ಹುಡುಗನಂತೂ ಹಿಡಿದುದನ್ನು ಮತ್ತೆ ನೀರಿಗೇ ಬಿಡುವವನು. ಹತ್ತು ವರ್ಷದ ಈ ಪಂಡಿತನು ಜೂನ್ ತಿಂಗಳಲ್ಲಿ ಇಲ್ಲಿಗೆ ಬಂದ ಎರಡನೆಯ ದಿನವೇ, “ತಾತ, ಇಲ್ಲಿ ಬಾಸ್ ಎಲ್ಲಿ ಸಿಗುತ್ತೆ?” ಎಂದು ಕೇಳಿದನು.

ಬಾಸ್ ಉತ್ತರ ಅಮೆರಿಕದ ಮೀನು, ನಮ್ಮ ಕೆರೆಕುಂಟೆಗಳದಲ್ಲ. ಆದರೆ ಸ್ವಭಾವದಲ್ಲಿ ಅದಕ್ಕೆ ಸಮೀಪವಾದುದು ನಮ್ಮಲ್ಲೊಂದಿದೆ, ಕೊರಮೀನು. ಜೊಂಡಿನ ಮರೆಯಲ್ಲಿ ಅಲುಗದೆ ಹೊಂಚಿದ್ದು, ಕಪ್ಪೆಯೋ ಸಣ್ಣ ಮೀನೋ ಹಾದುಹೋದರೆ ಬಾಣದಂತೆ ಮೇಲೆ ಬೀಳುವುದು. ಆಗಾಗ ನೀರಿನ ಮೇಲಕ್ಕೆ ಬಂದು ಗಾಳಿಯನ್ನೂ ಉಸಿರಾಡುವುದು. ಇಷ್ಟು ಕೇಳಿದ ಮೇಲೆ ಹುಡುಗನಿಗೆ ನಿದ್ರೆ ಬರಲಿಲ್ಲ.

ನಮ್ಮ ಮನೆಯವರಿಗೆ ಇದು ಹಿಡಿಸಲಿಲ್ಲ. “ತಿನ್ನುವವರು ಹಿಡಿದರೆ ಹೊಟ್ಟೆಗಾದರೂ ಆಯಿತು. ಚುಚ್ಚಿ ಬಿಡುವುದು ಯಾವ ಆಟ?” ಎಂದರು. ಇದಕ್ಕೆ ನೇರವಾದ ಉತ್ತರ ನನ್ನಲ್ಲಿರಲಿಲ್ಲವಾದ್ದರಿಂದ, ಪಂಡಿತರು ಮಾಡುವಂತೆ ಗ್ರಂಥದ ಮರೆಹೊಕ್ಕೆನು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳದ ಕೋಲು, ದಾರ ಇವೆಲ್ಲವನ್ನೂ ಅರಸನು ಹೇಳಿರುವನು. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಇದರ ಮೇಲೆ ಲೇಖನವನ್ನೇ ಪ್ರಕಟಿಸಿದರು. ಇಂಗ್ಲಿಷರ ಕಾಲದಲ್ಲಿಯೂ ಈ ವಿದ್ಯೆಗೆ ಕನ್ನಡನಾಡಿನ ನಂಟು ತಪ್ಪಲಿಲ್ಲ. ಎಚ್. ಎಸ್. ಥಾಮಸ್ ಎಂಬ ಅಧಿಕಾರಿಯು ಹಿಂದೂದೇಶದಲ್ಲಿ ಗಾಳ ಹಾಕುವುದನ್ನು ಕುರಿತು ಬರೆದ ಹೆಸರಾಂತ ಪುಸ್ತಕವು 1873ರಲ್ಲಿ ಅಚ್ಚಾದುದು ಮಂಗಳೂರಿನಲ್ಲಿ. ಇಷ್ಟೆಲ್ಲ ಹೇಳಿದ ಮೇಲೆ ಮನೆಯವರು, “ಅರಸ ಮಾಡಿದನೆಂದು ಸರಿಯಾಯಿತೇ?” ಎಂದು ಒಳಕ್ಕೆ ಹೋದರು.

ಕಾವೇರಿಗೆ ಹೋಗೋಣವೆಂದು ಅಳಿಯಂದಿರ ಸಲಹೆ. ಅಲ್ಲಿಯ ಬಿಳಿಮೀನು, ಎಂದರೆ ಮಹಸೀರ್, ಲೋಕಪ್ರಸಿದ್ಧವಾದುದು. 1946ರಲ್ಲಿ ಮೈಸೂರಿನ ಫಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನದೊಂದನ್ನು ಗಾಳದಿಂದ ಹಿಡಿದಿದ್ದರು. ರಾಗಿಯ ಹಿಟ್ಟಿನ ಉಂಡೆಯೇ ಅದಕ್ಕೆ ಮೆಚ್ಚಿನ ತಿಂಡಿ ಎಂದು ಕೇಳಿ ನನಗೆ ಅದರ ಮೇಲೆ ಸ್ವದೇಶಾಭಿಮಾನ ಹುಟ್ಟಿತು. ಆದರೆ ಕಾವೇರಿಯ ಆ ಗೂನುಬೆನ್ನಿನ ಮಹಸೀರ್ ಈಗ ಅಳಿವಿನ ಅಂಚಿನಲ್ಲಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿರುವರು. ಅದನ್ನು ಅದರ ಪಾಡಿಗೆ ಬಿಡುವುದೇ ಲೇಸೆಂದು ನಾನು ಒಪ್ಪಲಿಲ್ಲ. ಹತ್ತಿರದ ನಗರದ ಕೆರೆಗಳೂ ಬೇಡವಾಯಿತು. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಪಡೆದವರು ಬೇರೆ ಇರುವರು. ನೀರಂತೂ ನೀರೇ ಅಲ್ಲ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ಕಣ್ಣಾರೆ ಕಂಡವನು ನಾನು. ಕಡೆಗೆ ಹೊಸಕೋಟೆಯ ಆಚೆಗೆ ಬೇಸಾಯ ಮಾಡಿಕೊಂಡಿರುವ ಹಳೆಯ ಶಿಷ್ಯನೊಬ್ಬನ ಕೃಷಿಹೊಂಡವು ಗೊತ್ತಾಯಿತು.

ಇನ್ನು ಸಾಮಗ್ರಿ. ಹುಡುಗನ ಕೋಲು ಟೆಕ್ಸಾಸಿನಲ್ಲೇ ಉಳಿದಿತ್ತು. ನಾನು ಪೇಟೆಯ ಒಂದು ಅಂಗಡಿಗೆ ಹೋಗಿ, ಗಾಜಿನ ಮುಂದುಗಡೆ ಬಿಸಿಲಿಗೆ ಥಳಥಳಿಸುತ್ತ ತೂಗುಹಾಕಿದ್ದ ಒಂದು ಕಟ್ಟನ್ನು ಕೊಂಡೆನು. ಕೋಲು, ದಾರ ಸುತ್ತಿದ ರೀಲು, ಎರಡು ಕೊಕ್ಕೆಗಳಿದ್ದ ರಬ್ಬರಿನ ಕಪ್ಪೆ, ಎಲ್ಲವೂ ಅಗ್ಗವಾಗಿ ಒಟ್ಟಿಗೇ ದೊರೆತುವು. ತರಕಾರಿಯನ್ನಾದರೆ ಮುರಿದು ನೋಡಿ ಕೊಳ್ಳುವ ನಾನು, ಇದನ್ನು ಬಣ್ಣ ನೋಡಿ ಕೊಂಡೆನು.

ಭಾನುವಾರ ಬೆಳಿಗ್ಗೆ ಕೃಷ್ಣರಾಜಪುರವನ್ನು ದಾಟಿ ಹಳೆಯ ಮದರಾಸು ರಸ್ತೆಯಲ್ಲಿ ಹೊರಟೆವು. ಬೇಡವೆಂದವರೇ ಚಿತ್ರಾನ್ನವನ್ನೂ ಕೋಡುಬಳೆಯನ್ನೂ ಕಟ್ಟಿಕೊಂಡು ಮುಂದಿನ ಆಸನದಲ್ಲಿ ಕುಳಿತಿದ್ದರು. ಹಿಂದಿನ ವಾರ ಮಳೆಯಾಗಿ ಹೊಂಡ ತುಂಬಿತ್ತು. ಮೂಲೆಯ ಜೊಂಡಿನ ಬಳಿ ನೀರಿನ ಮೇಲೆ ಕೆಂಪಗೆ ಕುಂಕುಮ ಚೆಲ್ಲಿದಂತೆ ಏನೋ ಮಿಸುಕುತ್ತಿತ್ತು. ಹುಡುಗ ಅದರ ಪಕ್ಕಕ್ಕೇ ಕಪ್ಪೆಯನ್ನು ಎಸೆದನು. ಮೂರನೆಯ ಸಲಕ್ಕೆ ನೀರು ಒಡೆದು ದೊಡ್ಡ ಬಾಯೊಂದು ಕಂಡಿತು, ಕೋಲು ಬಾಗಿತು, ಹುಡುಗ ಕೂಗಿದನು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ದಾರ ಟಕ್ಕನೆ ಕಡಿದು ಗಾಳಿಯಲ್ಲಿ ಸುರುಳಿಯಾಯಿತು.

ಶಿಷ್ಯನು ಓಡಿಬಂದನು. “ಮೇಷ್ಟ್ರೇ, ಅಲ್ಲಿ ಎಸೀಬೇಡಿ ಅಂತ ಹೇಳೋಕ್ಕೇ ಬರ್ತಿದ್ದೆ. ಆ ಕೆಂಪಗಿರೋದೆಲ್ಲ ಅದರ ಮರಿ.” ಮಳೆಗಾಲದಲ್ಲಿ ಕೊರಮೀನು ಮರಿಮಾಡುವುದು; ತಾಯಿತಂದೆಗಳೆರಡೂ ಹಿಂಡಿನ ಕೆಳಗೆ ಇದ್ದು ಕಾಯುವುವು; ಕಾಯುವವು ಹೋದರೆ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುವುವು. ಹಾಗಾದರೆ ಅದು ಹಸಿವಿನಿಂದ ಬಾಯಿ ಹಾಕಿದುದೋ, ಮರಿಗಳ ಬಳಿ ಬಂದ ಕಪ್ಪೆಯನ್ನು ಅಟ್ಟಲು ಬಂದುದೋ? ಸಂಸ್ಕೃತದಲ್ಲಿ ಆಮಿಷವೆಂದರೆ ಮಾಂಸ, ಗಾಳಕ್ಕೆ ಸಿಕ್ಕಿಸುವ ತುತ್ತು. ಆಸೆ ತೋರಿಸಿ ಕೆಡಿಸುವುದೆಂಬ ಅರ್ಥ ಕನ್ನಡದಲ್ಲಿ ಬಳಕೆಯಾದುದು ಅದರಿಂದಲೇ. ಇಲ್ಲಿ ಆಸೆಯೇ ಇರಲಿಲ್ಲವೇನೋ. ಮೊಮ್ಮಗನು ಬಹಳ ಹೊತ್ತು ಸುಮ್ಮನಿದ್ದು ಕೇಳಿದನು: “ತಾತ, ಆ ಕಪ್ಪೆ ಬಾಯಲ್ಲಿದ್ದರೆ ಅದು ಹೇಗೆ ಊಟ ಮಾಡುತ್ತೆ?”

ಚಿತ್ರಾನ್ನದ ಪೊಟ್ಟಣ ಬಿಚ್ಚದೆಯೇ ಮನೆಗೆ ಬಂದಿತು.

ನನ್ನ ಪರಿಚಿತರೊಬ್ಬರು, ರೈಲ್ವೆಯಿಂದ ನಿವೃತ್ತರಾದವರು, ನಾಲ್ವತ್ತು ವರ್ಷ ಗಾಳ ಹಿಡಿದವರು. ಆ ಸಂಜೆಯೇ ಉಳಿದ ದಾರವನ್ನು ಒಯ್ದು ತೋರಿಸಿದೆನು. ಅವರು ಒಂದು ಗಂಟು ಹಾಕಿ ಎರಡು ಕೈಗಳಲ್ಲಿ ಎಳೆದರು, ಒಣಹುಲ್ಲಿನಂತೆ ಕಡಿಯಿತು. “ಇದು ಬಿಸಿಲು ತಿಂದ ನೈಲಾನು, ಮೇಷ್ಟ್ರೇ. ಮೀನಿನ ತಪ್ಪಲ್ಲ, ಹುಡುಗನ ತಪ್ಪೂ ಅಲ್ಲ” ಎಂದರು. ಯಾರ ತಪ್ಪೆಂದು ಹೇಳಲಿಲ್ಲ, ಸಜ್ಜನರು.

ಅವರಿಂದ ಕಲಿತುದನ್ನು, ಮಕ್ಕಳನ್ನು ನೀರಿನ ದಡಕ್ಕೆ ಕರೆದೊಯ್ಯುವ ವಾಚಕರಿಗಾಗಿ ಹೇಳುತ್ತೇನೆ. ನೈಲಾನು ದಾರವನ್ನು ಅಂಗಡಿಯ ನೆರಳಿನ ಕಪಾಟಿನಿಂದ ತೆಗೆಯಿಸಿ, ಗಂಟು ಹಾಕಿ ಎಳೆದು ನೋಡಿಯೇ ಕೊಳ್ಳಬೇಕು. ದಾರವು ಸಾಮಾನ್ಯವಾಗಿ ಕಡಿಯುವುದು ಗಂಟಿನಲ್ಲಿಯೇ. ಗಂಟನ್ನು ಬಿಗಿಯುವ ಮುನ್ನ ನೀರಿನಲ್ಲಿ ನೆನೆಸಬೇಕು, ಒಣದಾರವನ್ನು ಎಳೆದರೆ ಉಜ್ಜಿದ ಕಾವಿಗೇ ಅದರ ಬಲ ಕುಂದುವುದು. ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದರೆ, ಹರಿತವಾದುದು ಕಚ್ಚಿ ನಿಲ್ಲುವುದು, ಮೊಂಡಾದುದು ಜಾರುವುದು. ಅದನ್ನು ಇಕ್ಕಳದಿಂದ ಸ್ವಲ್ಪ ಬಾಗಿಸಿ ನೋಡಬೇಕು. ಲಟಕ್ಕೆಂದು ಮುರಿದರೂ ಕೆಟ್ಟದ್ದು, ಬಾಗಿದಂತೆಯೇ ಉಳಿದರೂ ಕೆಟ್ಟದ್ದು. ಮೊನೆಯ ಹಿಂದಿನ ಮರುಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಬಿಟ್ಟರೆ ಮೀನಿನ ಬಾಯಿಂದ ಬಿಡಿಸುವುದು ಸುಲಭ, ಮಗುವಿನ ಬೆರಳಿಗೆ ಚುಚ್ಚಿಕೊಂಡರೂ ಸುಲಭ. ಕೋಲಿನ ಉಂಗುರಗಳೊಳಗೆ ಹತ್ತಿಯನ್ನು ಎಳೆಯಬೇಕು. ಎಲ್ಲಿ ಎಳೆ ಸಿಕ್ಕಿಕೊಳ್ಳುವುದೋ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ, ಅದು ದಾರವನ್ನು ಗರಗಸದಂತೆ ಕೊಯ್ಯುವುದು.

ರೀಲಿನ ಬಿಗಿಯ ವಿಚಾರವನ್ನು ಅವರು ಎರಡು ಸಲ ಹೇಳಿದರು. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆಯಬೇಕು. ನಾಲ್ಕು ಕಿಲೋ ತಡೆಯುವ ದಾರವಾದರೆ ಒಂದು ಕಿಲೋ ಆಗುವಷ್ಟರಲ್ಲಿ ರೀಲು ತಾನಾಗಿ ದಾರವನ್ನು ಬಿಡತಕ್ಕದ್ದು. ಸೀಸದ ಗುಂಡುಗಳನ್ನು ಮಕ್ಕಳು ಹಲ್ಲಿನಿಂದ ಕಚ್ಚಿ ಮುಚ್ಚುವುದುಂಟು, ಅದು ವಿಷ. ಕೆರೆಯಲ್ಲಿ ಬಿದ್ದ ಸೀಸವನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ 1987ರಲ್ಲಿ ಅಂತಹ ಗುಂಡುಗಳಲ್ಲಿ ಹೆಚ್ಚಿನವನ್ನು ನಿಷೇಧಿಸಿದರು.

ಗಟ್ಟಿಯಾದ ಸಾಮಗ್ರಿ ದೊಡ್ಡ ಮೀನು ಹಿಡಿಯುವ ದುರಾಶೆಗೆಂದು ನಾನು ತಿಳಿದಿದ್ದೆನು. ಮೀನನ್ನು ಬಿಟ್ಟುಬಿಡುವವನಿಗೇ ಅದು ಹೆಚ್ಚು ಬೇಕಾದುದು. ದಡಕ್ಕೆ ಬಾರದ ಮೀನಿನ ಬಾಯಿಂದ ಕೊಕ್ಕೆಯನ್ನು ಬಿಡಿಸುವವರಾರು?

ಜುಲೈ ತಿಂಗಳಲ್ಲಿ ಇನ್ನೊಮ್ಮೆ ಹೋದೆವು. ಜೊಂಡಿನ ಕಡೆಗೆ ಹೋಗದೆ, ಎದುರು ದಡದಲ್ಲಿ ಸಾದಾ ಬಿದಿರಿನ ಕೋಲಿಗೆ ಹೊಸ ದಾರ, ಮುಳ್ಳು ಅಮುಕಿದ ಸಣ್ಣ ಕೊಕ್ಕೆ, ಚಪಾತಿಯ ಹಿಟ್ಟು. ನಾಲ್ಕು ಜಿಲೇಬಿ ಮೀನುಗಳು ಸಿಕ್ಕವು. ಹುಡುಗನು ಕೈಯನ್ನು ಒದ್ದೆಮಾಡಿಕೊಂಡು ಒಂದೊಂದನ್ನೂ ಬಿಡಿಸಿ ನೀರಿಗೆ ಬಿಟ್ಟನು. ಶಿಷ್ಯನು, “ಸಾರಿಗೆ ಆಗ್ತಿತ್ತಲ್ಲೋ ಮಗಾ” ಎಂದು ನಕ್ಕನು. ನಮ್ಮ ಮನೆಯವರು ಈ ಸಲ ಕೋಡುಬಳೆಯನ್ನು ಎಲ್ಲರಿಗೂ ಹಂಚಿದರು. ಗಾಳವನ್ನು ಮಾತ್ರ ನೋಡಲಿಲ್ಲ.

ಮಗಳ ಸಂಸಾರವು ಆಗಸ್ಟಿನಲ್ಲಿ ಹಿಂತಿರುಗಿತು. ಮೊಮ್ಮಗನು ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುವನು. ನನ್ನ ಕ್ಷೇಮಕ್ಕಿಂತ ಮೊದಲು ಹೊಂಡದ ಸಮಾಚಾರ. ನಾನು ಶಿಷ್ಯನನ್ನು ವಿಚಾರಿಸಿದ್ದೆನು. ಮರಿಗಳ ಕೆಂಪು ಮಾಸುವ ತನಕವೂ ಹಿಂಡು ಒಡೆದಿರಲಿಲ್ಲವಂತೆ, ಕೆಳಗಿನಿಂದ ದೊಡ್ಡದೊಂದು ಆಗಾಗ ಗಾಳಿ ಕುಡಿಯಲು ಮೇಲಕ್ಕೆ ಬರುತ್ತಿತ್ತಂತೆ. ಇದನ್ನು ತಿಳಿಸಿದೆನು.

“ಒಂದೇನಾ, ಎರಡಾ ತಾತ?” ಎಂದನು.

ಬೇಸಿಗೆಯಲ್ಲಿ ಹೊಂಡ ಬತ್ತಿದಾಗ ನೋಡಿ ಹೇಳುವೆನೆಂದು ಶಿಷ್ಯನು ಮಾತು ಕೊಟ್ಟಿರುವನು.