ತ್ರಾಸಿಯಲ್ಲಿ ಕಣ್ಣು ಎಣಿಸುವ ಕಾಲ

ಕುಂದಾಪುರದಿಂದ ಬೈಂದೂರಿನತ್ತ ಹೊರಟ ಬಸ್ಸು ಹೆಮ್ಮಾಡಿ, ಮುಳ್ಳಿಕಟ್ಟೆ ದಾಟಿ ತ್ರಾಸಿಯ ಇಳಿಜಾರಿಗೆ ಬಂತೆಂದರೆ ನಿದ್ದೆ ಮಾಡುತ್ತಿದ್ದವರೂ ಎಡಗಡೆಯ ಕಿಟಕಿಗೆ ಕತ್ತು ಚಾಚುತ್ತಾರೆ. ಹೆದ್ದಾರಿಗೆ ತಾಗಿದಂತೆಯೇ ಅರಬ್ಬೀ ಸಮುದ್ರ. ಮರವಂತೆಯ ಕಡೆ ಸ್ವಲ್ಪ ಮುಂದೆ ಹೋದರೆ ಬಲಗಡೆಗೆ ಸೌಪರ್ಣಿಕಾ. ಕೊಡಚಾದ್ರಿಯ ತಪ್ಪಲಿನಿಂದ ಕೊಲ್ಲೂರನ್ನು ಹಾದು ಬರುವ ಈ ನದಿ ಕಡಲಿಗೆ ಕಲ್ಲೆಸೆತದ ದೂರದವರೆಗೆ ಬಂದೂ ಅದನ್ನು ಸೇರದೆ, ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯನ್ನು ಹುಡುಕಿಕೊಂಡು ಹೋಗುತ್ತದೆ. ಇಷ್ಟನ್ನು ನೋಡಿ, ಒಂದು ಫೋಟೊ ತೆಗೆದು ಪ್ರವಾಸಿಗರು ಮುಂದೆ ಸಾಗುತ್ತಾರೆ.

ಮಳೆಗಾಲದಲ್ಲಿ ಅಲ್ಲಿ ಇಳಿಯುವವರು ಕಡಿಮೆ. ಇಳಿದರೂ ನೀರಿಗೆ ಇಳಿಯಬಾರದು, ಆ ಅಲೆಗಳ ಸೆಳೆತ ಸಾಮಾನ್ಯದ್ದಲ್ಲ. ಆದರೆ ಈ ತೀರದ ಅತ್ಯಂತ ಸೂಕ್ಷ್ಮವಾದ ಕೆಲಸ ನೋಡಬೇಕಾದರೆ ಅದೇ ಸರಿಯಾದ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬಲೆಗಳು ದಡಕ್ಕೆ, ಶೆಡ್ಡುಗಳಿಗೆ, ಮನೆಯ ಜಗಲಿಗಳಿಗೆ ಬರುತ್ತವೆ. ಹೊರಗೆ ಗಾಳಿ ಮಳೆ. ಒಳಗೆ ಕಾಲು ಚಾಚಿ ಕುಳಿತವರ ಹೆಬ್ಬೆರಳಿಗೆ ಬಲೆಯ ಒಂದು ತುದಿ, ಕೈಯಲ್ಲಿ ನೂಲು ಸುತ್ತಿದ ಚಪ್ಪಟೆ ಸೂಜಿ.

ಹರಿದ ಬಲೆಯನ್ನು ಹೆಣೆಯುವವರು ಮೊದಲು ಅದನ್ನು ಇನ್ನಷ್ಟು ಕತ್ತರಿಸುತ್ತಾರೆ! ನೋಡುವವರಿಗೆ ಇದು ವಿಚಿತ್ರ. ಬಲೆಯ ಪ್ರತಿ ಗಂಟಿನಿಂದ ನಾಲ್ಕು ಎಳೆಗಳು ಹೊರಡುತ್ತವೆ. ಹರಿದ ಭಾಗದ ಸುತ್ತ ಎಲ್ಲ ಗಂಟುಗಳಲ್ಲಿ ಎರಡೆರಡು ಎಳೆ ಉಳಿಯುವಂತೆ ಸವರಿ, ಎರಡು ಗಂಟುಗಳಲ್ಲಿ ಮಾತ್ರ ಮೂರು ಎಳೆ ಬಿಡಬೇಕು. ಒಂದು ಮೂರೆಳೆಯ ಗಂಟಿನಲ್ಲಿ ಹೆಣಿಗೆ ಆರಂಭ, ಇನ್ನೊಂದರಲ್ಲಿ ಮುಕ್ತಾಯ. ಹೀಗೆ ಸವರದಿದ್ದರೆ ಕೊನೆಯಲ್ಲಿ ಕಣ್ಣುಗಳ ಲೆಕ್ಕ ಕೂಡಿ ಬರುವುದಿಲ್ಲ. ಗಣಿತದ ಮೇಷ್ಟರು ಕಪ್ಪುಹಲಗೆಯಲ್ಲಿ ಸರಿ ಬೆಸ ಕಲಿಸುವಾಗ ಇದನ್ನೊಮ್ಮೆ ತೋರಿಸಬಹುದು.

ಗಂಟು ಕೂಡ ಸರಳ. ಸೂಜಿ ಮೇಲಿನ ಕಣ್ಣಿನೊಳಗೆ ಕೆಳಗಿನಿಂದ ಬಂದು, ಅದರ ಎರಡೂ ಎಳೆಗಳ ಹಿಂದೆ ಸುತ್ತಿ, ತನ್ನದೇ ನೂಲಿನ ಅಡಿಯಲ್ಲಿ ನುಸುಳಿ ಹೊರಬರುತ್ತದೆ. ಬಿಗಿಯುವಾಗ ಹೆಬ್ಬೆರಳು ಗಂಟನ್ನು ಅದುಮಿ ಹಿಡಿದಿರಬೇಕು. ಇಲ್ಲವಾದರೆ ಗಂಟು ಜಾರಿ ಒಂದು ಕಣ್ಣು ದೊಡ್ಡದು, ಪಕ್ಕದ್ದು ಸಣ್ಣದು. ದೊಡ್ಡ ಕಣ್ಣಿನಿಂದ ಬಂಗುಡೆ ಪಾರು! ಆ ಮನೆಯ ಮಕ್ಕಳ ಪುಸ್ತಕದ ದುಡ್ಡು ಅಲ್ಲಿಂದಲೇ ಜಾರಿ ಹೋಗುತ್ತದೆ. ಕಣ್ಣುಗಳು ಸಮನಾಗಿರಲೆಂದು ಹೊಸ ಬಲೆ ಹೆಣೆಯುವಾಗ ಅಳತೆಯ ಪಟ್ಟಿಯೊಂದಕ್ಕೆ ನೂಲು ಸುತ್ತಿಕೊಳ್ಳುವುದುಂಟು.

ಈ ಗಂಟು ತ್ರಾಸಿಯದಷ್ಟೇ ಅಲ್ಲ. ಆಗ ಫಿನ್ಲೆಂಡಿನಲ್ಲಿದ್ದು ಈಗ ರಷ್ಯಕ್ಕೆ ಸೇರಿರುವ ಅಂತ್ರೆಯ ಎಂಬಲ್ಲಿ 1913ರಲ್ಲಿ ದೊರೆತ ಮೀನುಬಲೆ ಸುಮಾರು 10 ಸಾವಿರ ವರ್ಷ ಹಳೆಯದು. ಮರದ ತೊಗಟೆಯ ನಾರಿನಿಂದ ಗಂಟು ಹಾಕಿ ಮಾಡಿದ್ದು. ಯುರೋಪಿನ ಶ್ರೀಮಂತರ ಮೇಜುಬಟ್ಟೆಗಳ ಅಂಚಿಗೆ ಹಚ್ಚುತ್ತಿದ್ದ 'ಫಿಲೆ' ಲೇಸಿನ ಆಧಾರವೂ ಮೀನುಗಾರರ ಇದೇ ಗಂಟು. ಬಲೆಯನ್ನು ನೂಲಿನಷ್ಟು ಸಣ್ಣದಾಗಿಸಿದರೆ ಲೇಸು, ಅಷ್ಟೇ.

ಕರಾವಳಿಯ ಹಳೆಯ ರಂಪಣಿ ಬಲೆ ಒಂದು ಕಿಲೋಮೀಟರಿಗೂ ಉದ್ದ ಇರುತ್ತಿತ್ತು. ಅದರಲ್ಲಿ ಪಾಲು ಇದ್ದವರೆಲ್ಲ ಸೇರಿ ಎಳೆಯಬೇಕು, ಸೇರಿಯೇ ಹಂಚಿಕೊಳ್ಳಬೇಕು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಚಿಕ್ಕದಾದ ಕೈರಂಪಣಿ ಈಗಲೂ ಕಾಣಸಿಗುತ್ತದೆ. ಆಗಿನ ಬಲೆ ಹತ್ತಿಯದು, ನಾರಿನದು. ಸೂಕ್ಷ್ಮಜೀವಿಗಳು ಹತ್ತಿಯ ಸೆಲ್ಯುಲೋಸನ್ನು ತಿಂದು ಅರಗಿಸುತ್ತವಾದ್ದರಿಂದ ಬಲೆಯನ್ನು ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸಬೇಕಿತ್ತು. 1935ರಲ್ಲಿ ಅಮೆರಿಕದಲ್ಲಿ ವ್ಯಾಲೇಸ್ ಕರೋಥರ್ಸ್ ರೂಪಿಸಿದ ನೈಲಾನ್ ಈ ಕೆಲಸ ತಪ್ಪಿಸಿತು. ಬೇರೊಂದು ತೊಂದರೆ ತಂದಿತು: ಕಡಲಿನಲ್ಲಿ ಕಳೆದುಹೋದ ನೈಲಾನ್ ಬಲೆ ಕೊಳೆಯುವುದಿಲ್ಲ, ಯಾರೂ ಎಳೆಯದಿದ್ದರೂ ಮೀನು ಹಿಡಿಯುತ್ತಲೇ ಇರುತ್ತದೆ.

ಇಂದು ಹೊಸ ಬಲೆ ಯಂತ್ರದಲ್ಲಿ ತಯಾರಾಗಿ ಬರುತ್ತದೆ. ರಿಪೇರಿಗೆ ಮಾತ್ರ ಕೈಯೇ ಬೇಕು. ಕಲಿತವರು ವಯಸ್ಸಾದವರು, ಕಲಿಯಬೇಕಾದವರು ಹೊರ ಊರಿನ ಕಾಲೇಜಿನಲ್ಲಿ. ಕಾಲೇಜು ತಪ್ಪೆಂದು ಯಾರೂ ಹೇಳಲಾರರು. ಎರಡು ತಿಂಗಳ ಮಳೆಯಲ್ಲಿ ಒಂದು ವಾರ ಅಜ್ಜನ ಬಳಿ ಕುಳಿತರೆ ಅಂಕವೇನೂ ಕಡಿಮೆಯಾಗದು.

ಬಲೆ ಹೆಣೆಯುವ ಮನೆಯಲ್ಲಿ ಹುಟ್ಟದವರು ಅಮ್ಮನ ಹೆಣಿಗೆ ಕಡ್ಡಿಯಿಂದ ಶುರುಮಾಡಬಹುದು. ಮುಖ ಒರೆಸಿಕೊಳ್ಳುವ ಒಂದು ಸಣ್ಣ ಲೇಸು ಬಟ್ಟೆ ಸಾಕು. ಉಲ್ಲನ್ ಬೇಡ, ಹತ್ತಿಯ ದಪ್ಪ ನೂಲು ಬೇಕು. ಹತ್ತಿ ನೀರು ಹೀರುತ್ತದೆ, ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ. 4 ಮಿಲಿಮೀಟರಿನ ಕಡ್ಡಿಗೆ 40 ಕುಣಿಕೆ ಏರಿಸಿ, 6 ಸಾಲು ಸಾದಾ ಹೆಣೆಯಬೇಕು. ಮುಂದಿನ ಸಾಲಿನಲ್ಲಿ 4 ಸಾದಾ ಕುಣಿಕೆ. ಆಮೇಲೆ ಕಡ್ಡಿಗೆ ನೂಲನ್ನು ಒಮ್ಮೆ ಸುತ್ತಿ, ಮುಂದಿನ ಎರಡು ಕುಣಿಕೆಗಳನ್ನು ಒಂದಾಗಿ ಹೆಣೆಯುವುದು. ಇದನ್ನು 16 ಸಲ ಮಾಡಿದರೆ ಕೊನೆಗೆ 4 ಕುಣಿಕೆ ಉಳಿಯುತ್ತವೆ, ಅವನ್ನೂ ಸಾದಾ ಹೆಣೆಯಬೇಕು. ಸುತ್ತಿದ ನೂಲು ಒಂದನ್ನು ಕೂಡಿಸುತ್ತದೆ, ಎರಡನ್ನು ಒಂದಾಗಿಸಿದ್ದು ಒಂದನ್ನು ಕಳೆಯುತ್ತದೆ. ಬಟ್ಟೆಯಲ್ಲಿ ತೂತು ಬಿತ್ತು, ಆದರೂ ಕುಣಿಕೆ 40ಕ್ಕೆ 40! ಬಳಿಕ 3 ಸಾಲು ಸಾದಾ, ಮತ್ತೆ ತೂತಿನ ಸಾಲು. ಚೌಕವಾಗುವವರೆಗೆ ಹೀಗೇ ಸಾಗಿ, ಕೊನೆಗೆ 6 ಸಾದಾ ಸಾಲು ಹೆಣೆದು ಕುಣಿಕೆಗಳನ್ನು ಮುಚ್ಚಬೇಕು. ಸಾಲಿನ ಕೊನೆಯಲ್ಲಿ 39 ಬಂದರೆ ಎಲ್ಲೋ ನೂಲು ಸುತ್ತುವುದು ಮರೆತಿದೆ, ಅಲ್ಲಿಗೇ ಬಿಚ್ಚಬೇಕು.

ಬಿಚ್ಚುವಾಗಲೇ ಬಲೆಗೂ ಹೆಣಿಗೆಗೂ ಇರುವ ವ್ಯತ್ಯಾಸ ತಿಳಿಯುವುದು. ಹೆಣಿಗೆಯಲ್ಲಿ ಗಂಟೇ ಇಲ್ಲ. ಒಂದು ಕುಣಿಕೆ ಜಾರಿದರೆ ಅದರ ಕೆಳಗಿನದು, ಅದರ ಕೆಳಗಿನದು ಹೀಗೆ ಏಣಿಯಂತೆ ಬಿಚ್ಚಿಕೊಳ್ಳುತ್ತದೆ. ಬಲೆಯಲ್ಲಿ ಒಂದು ಎಳೆ ಹರಿದರೆ ಅದರ ಅಕ್ಕಪಕ್ಕದ ಗಂಟುಗಳು ಹರುಕನ್ನು ಅಲ್ಲಿಗೇ ತಡೆಯುತ್ತವೆ. ಮೀನು ಹಿಡಿಯಲು ಯಾರೂ ಸ್ವೆಟರ್ ಬೀಸದಿರುವುದಕ್ಕೆ ಕಾರಣ ಇದೇ. ಇನ್ನೊಂದು ಪ್ರಯೋಗವೂ ಇದೆ. ಬಲೆಯ ತುಂಡೊಂದನ್ನು ಉದ್ದಕ್ಕೆ ಎಳೆದರೆ ವಜ್ರಾಕಾರದ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಟ್ರಾಲ್ ಬಲೆಯ ತುದಿಯ ಚೀಲದಲ್ಲೂ ಹೀಗಾಗಿ ಮರಿಮೀನುಗಳು ಸಿಕ್ಕಿಬೀಳುತ್ತವೆ. ಚೌಕ ಕಣ್ಣು ಎಳೆದರೂ ತೆರೆದೇ ಇರುತ್ತದೆ, ಮರಿ ತಪ್ಪಿಸಿಕೊಂಡು ಮುಂದಿನ ವರ್ಷ ಮೊಟ್ಟೆ ಇಡುತ್ತದೆ. ಆ ಚೀಲಕ್ಕೆ ಚೌಕ ಕಣ್ಣು ಇರಲಿ ಎಂದು ಮೀನುಗಾರಿಕಾ ವಿಜ್ಞಾನಿಗಳು ಹೇಳುವುದು ಇದಕ್ಕೇ.

ಹೆಣೆದ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ನಾಲ್ಕು ಮೂಲೆ ಎಳೆದು ಚಪ್ಪಟೆಯಾಗಿ ಹರಡಬೇಕು. ಆಗಲೇ ತೂತುಗಳು ಬಿಡಿಸಿಕೊಳ್ಳುವುದು. ತ್ರಾಸಿಯ ಆಷಾಢದಲ್ಲಿ ಒಣಗಲು ಎರಡು ದಿನವಾದರೂ ಬೇಕು. ಅಷ್ಟರಲ್ಲಿ ಮರವಂತೆಯ ವರಾಹಸ್ವಾಮಿ ಸನ್ನಿಧಿಯಲ್ಲಿ ಕರ್ಕಾಟಕ ಅಮಾವಾಸ್ಯೆಯ ಜಾತ್ರೆ ಹತ್ತಿರವಾಗಿರುತ್ತದೆ, ಜಗಲಿಯ ಬಲೆಗಳು ಒಂದೊಂದಾಗಿ ಗಂಗೊಳ್ಳಿ ಬಂದರಿನ ದಾರಿ ಹಿಡಿಯುತ್ತವೆ.