ಘಟನೋತ್ತರ ಅನುಮೋದನೆ

ನಮ್ಮ ಕೊಡಗಿನ ಪೇಟೆಗಳಲ್ಲಿ ‘ಸಿಂಡಿಕೇಟ್’ ಎಂದರೆ ಬಹಳ ಕಾಲ ಬ್ಯಾಂಕು ಎಂದೇ ಅರ್ಥ. ಕಾಫಿ ಮಾರಿದ ದುಡ್ಡು ಕಟ್ಟುವುದಕ್ಕೂ ಮಗಳ ಮದುವೆಗೆ ಒಡವೆ ಅಡವಿಡುವುದಕ್ಕೂ ಜನ ಅಲ್ಲಿಗೆ ಹೋಗುತ್ತಿದ್ದರು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಬೋರ್ಡಿನಿಂದ ಹೆಸರೂ ಇಳಿಯಿತು. ವಿಶ್ವವಿದ್ಯಾನಿಲಯಕ್ಕೂ ಒಂದು ಸಿಂಡಿಕೇಟ್ ಇರುತ್ತದೆ, ನಮ್ಮ ಮಕ್ಕಳ ಬದುಕಿನ ಎಷ್ಟೋ ಸಂಗತಿಗಳು ಅಲ್ಲಿ ತೀರ್ಮಾನವಾಗುತ್ತವೆ ಎಂಬುದು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ.

ನಮ್ಮ ರಾಜ್ಯದಲ್ಲಿ ಇದಕ್ಕೆ ಆಧಾರ 2000ನೇ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ. 1976ರ ಹಳೆಯ ಕಾಯ್ದೆಯಲ್ಲಿ ಸಿಂಡಿಕೇಟ್ ಜೊತೆಗೆ ಸೆನೆಟ್ ಎಂಬ ದೊಡ್ಡ ಸಭೆಯೂ ಇತ್ತು. ಹೊಸ ಕಾಯ್ದೆ ಸೆನೆಟ್ ಅನ್ನು ಕೈಬಿಟ್ಟಿತು. ಪಾಠ, ಪಠ್ಯದ ವಿಚಾರ ವಿದ್ಯಾವಿಷಯಕ ಪರಿಷತ್ತಿಗೆ. ಹಣ, ಆಸ್ತಿ, ನೇಮಕಾತಿ, ಆಡಳಿತವೆಲ್ಲ ಸಿಂಡಿಕೇಟಿಗೆ. ಕುಲಪತಿಗಳು ಅಧ್ಯಕ್ಷರು, ಕುಲಸಚಿವರು ಕಾರ್ಯದರ್ಶಿ. ಸರಕಾರ ನಾಮಕರಣ ಮಾಡುವ ಆರು ಮಂದಿಯಲ್ಲಿ ಒಬ್ಬ ಮಹಿಳೆ, ಧಾರ್ಮಿಕ ಅಲ್ಪಸಂಖ್ಯಾತರಿಂದ ಒಬ್ಬರು ಇರಲೇಬೇಕೆಂಬ ನಿಯಮವೂ ಇದೆ.

ನಾನು ಕತೆ ಬರೆಯುವವಳು. ಕಾಯ್ದೆಯ ಈ ಪುಟಗಳನ್ನು ಓದುವ ಪ್ರಸಂಗ ನನಗೆ ಬಂದದ್ದು ಒಂದು ಅಕ್ಷರದ ದೆಸೆಯಿಂದ. ಉರ್ದುವಿನಲ್ಲಿ ‘ಜ಼’ ಎಂಬ ಉಚ್ಚಾರಕ್ಕೆ ನಾಲ್ಕು ಅಕ್ಷರಗಳಿವೆ. ಕನ್ನಡದಲ್ಲಿ ಎಲ್ಲಕ್ಕೂ ಒಂದೇ ‘ಜ’. ಉರ್ದು ಶಾಲೆಯ ದಾಖಲೆಯಲ್ಲಿ ನನ್ನ ಹೆಸರು ಶುರುವಾಗುವುದು ‘ಜ಼ೇ’ಯಿಂದ. ಹೈಸ್ಕೂಲಿನ ಕನ್ನಡ ರಿಜಿಸ್ಟರಿಗೆ ಬಂದಾಗ ಅದು ‘ಜ’ ಆಯಿತು, ಅಲ್ಲಿಂದ ಇಂಗ್ಲಿಷಿಗೆ ಇಳಿಯುವಾಗ ‘ಜೆ’ ಆಯಿತು. ಮುಂದೆ ಘಟ್ಟದ ಮೇಲೋ ಕೆಳಗೋ, ಹೆಸರು ಬೇಡ, ಒಂದು ವಿಶ್ವವಿದ್ಯಾನಿಲಯದ ಎಂ.ಎ. ಅಂಕಪಟ್ಟಿಯಲ್ಲಿ ‘ಜ಼ೆಡ್’ ಎಂದು ಅಚ್ಚಾಗಿ ಬಂತು. ಒಂದು ಖಾಸಗಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿದಾಗ, ಈ ಇಬ್ಬರೂ ಒಬ್ಬಳೇ ಎಂಬುದಕ್ಕೆ ಪುರಾವೆ ಕೇಳಿದರು.

ಅಫಿಡವಿಟ್ ಮಾಡಿಸಿದೆ. ಚಲನ್ ಕಟ್ಟಿದೆ. ಕೌಂಟರಿನಲ್ಲಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ. ಕಾಗದಗಳನ್ನೆಲ್ಲ ನೋಡಿ, “ಎಲ್ಲ ಸರಿ ಇದೆಯಮ್ಮ, ಆದರೆ ಸಿಂಡಿಕೇಟ್ ಆಗಬೇಕು” ಎಂದರು. ಮಳೆ ಆಗಬೇಕು ಎನ್ನುವ ಹಾಗೆ. ಯಾವಾಗ ಆಗುತ್ತದೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ನಿಗದಿಯಾದ ಒಂದು ಸಭೆ ಮುಂದಕ್ಕೆ ಹೋಯಿತು. ಇನ್ನೊಂದರಲ್ಲಿ ದೊಡ್ಡ ದೊಡ್ಡ ವಿಷಯಗಳ ಚರ್ಚೆ ನಡೆದು ಕಾರ್ಯಸೂಚಿಯ ಕೊನೆಯ ಪುಟಗಳು ಉಳಿದುಹೋದವು. ಐದು ತಿಂಗಳ ಮೇಲೆ ತಿದ್ದಿದ ಅಂಕಪಟ್ಟಿ ಬಂತು. ಅಷ್ಟರಲ್ಲಿ ಆ ಕೆಲಸಕ್ಕೆ ಬೇರೆಯವರು ಸೇರಿ ಒಂದು ಟರ್ಮ್ ಪಾಠವೂ ಮುಗಿದಿತ್ತು.

ಆಮೇಲೆ ಆ ಸಭೆಯ ನಡಾವಳಿಯನ್ನು ತರಿಸಿ ಓದಿದೆ. ನನ್ನಂಥವರೆಲ್ಲರಿಗೂ ಸೇರಿ ಒಂದೇ ಸಾಲು: ಪಟ್ಟಿಯಲ್ಲಿರುವ ತಿದ್ದುಪಡಿಗಳನ್ನು ಅನುಮೋದಿಸಲಾಯಿತು. ಯಾರೂ ಪಟ್ಟಿ ಓದಿರಲಾರರು. ಓದಬೇಕಾದ ಅಗತ್ಯವೂ ಇರಲಿಲ್ಲ. ಗುಮಾಸ್ತರು ಮೊದಲ ದಿನವೇ ಎಲ್ಲ ಸರಿ ಇದೆ ಎಂದಿದ್ದರಲ್ಲ!

ಅದೇ ನಡಾವಳಿಯಲ್ಲಿ ಪದೇ ಪದೇ ಕಂಡ ಇನ್ನೊಂದು ಮಾತು ‘ಘಟನೋತ್ತರ ಅನುಮೋದನೆ’. ಎಂದರೆ ಕೆಲಸ ಮೊದಲೇ ನಡೆದುಹೋಗಿದೆ, ಒಪ್ಪಿಗೆ ಈಗ. ತುರ್ತು ಸಂದರ್ಭದಲ್ಲಿ ಕುಲಪತಿಗಳು ತಾವೇ ಕ್ರಮ ಕೈಗೊಂಡು, ಆಮೇಲೆ ಸಭೆಗೆ ವರದಿ ಮಾಡಲು ಕಾಯ್ದೆಯಲ್ಲೇ ಅವಕಾಶವಿದೆ. ಇರಲೇಬೇಕು. ಪ್ರವಾಹ ಬಂದರೆ ಪರೀಕ್ಷೆ ಮುಂದೂಡಲು ಸಭೆ ಕರೆಯುತ್ತ ಕೂರಲಾಗದು. ಆದರೆ ಲಕ್ಷಗಟ್ಟಲೆ ಖರ್ಚಿನ ಖರೀದಿಗೆ ತುರ್ತು ಸಿಕ್ಕಿ, ಒಬ್ಬಳ ಹೆಸರಿನ ಅಕ್ಷರಕ್ಕೆ ಸಿಗದಿದ್ದರೆ, ತುರ್ತು ಯಾವುದು ಎಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಸಣ್ಣ ವಿಷಯ ಎಂಬುದು ಮೇಜಿನ ಆ ಕಡೆ ಕುಳಿತವರ ಮಾತು. ಈ ಕಡೆ ನಿಂತವಳಿಗೆ ಇರುವುದು ಅದೊಂದೇ ವಿಷಯ.

ಕೊಡಗಿನವರಿಗೆ ಈ ಮೇಜು ಯಾವಾಗಲೂ ದೂರವೇ. ಮೊದಲು ಮೈಸೂರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ನಮ್ಮ ಜಿಲ್ಲೆ ಅದಕ್ಕೆ ಸೇರಿತು. ಮಡಿಕೇರಿಯಿಂದ ಕೊಣಾಜೆಗೆ ಸಂಪಾಜೆ ಘಾಟಿ, ಸುಳ್ಯ, ಪುತ್ತೂರು ದಾಟಿ ಹೋಗಬೇಕು. ಬೆಳಗಿನ ಬಸ್ಸಿಗೆ ಹೋದರೆ ವಾಪಸು ಬರುವುದು ರಾತ್ರಿಗೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಕುಸಿದಾಗ ಆ ದಾರಿಯೇ ವಾರಗಟ್ಟಲೆ ಮುಚ್ಚಿತ್ತು.

2023ರ ಮಾರ್ಚಿನಲ್ಲಿ ಕೊಡಗು ವಿಶ್ವವಿದ್ಯಾನಿಲಯ ಶುರುವಾದಾಗ ನಮ್ಮಲ್ಲಿ ಹಲವರು ಸಂತೋಷಪಟ್ಟದ್ದು ಇದಕ್ಕೇ. ಕುಶಾಲನಗರದ ಹತ್ತಿರದ ಚಿಕ್ಕ ಅಳುವಾರದಲ್ಲಿ, ಹಿಂದೆ ಮಂಗಳೂರಿನವರ ಸ್ನಾತಕೋತ್ತರ ಕೇಂದ್ರವಿದ್ದ ಜ್ಞಾನ ಕಾವೇರಿ ಆವರಣದಲ್ಲೇ ಅದು ಕಣ್ಣು ಬಿಟ್ಟಿತು. ಆದರೆ ಎರಡೇ ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಹೊರಬಿತ್ತು. ಅದರಲ್ಲಿ ಕೊಡಗಿನದೂ ಇತ್ತು. ಹಣ, ಸಿಬ್ಬಂದಿ, ಮಕ್ಕಳ ಸಂಖ್ಯೆ ಎಂದು ಕಾರಣಗಳನ್ನು ಹೇಳಿದರು. ಅವೇನೂ ಸುಳ್ಳಲ್ಲ. ಆದರೆ ನಾಪೋಕ್ಲುವಿನ ಹುಡುಗಿ ಅಂಕಪಟ್ಟಿಯ ತಪ್ಪು ಸರಿಪಡಿಸಿಕೊಂಡು ಅದೇ ದಿನ ಮನೆ ಸೇರುವುದಕ್ಕೂ ಒಂದು ಬೆಲೆ ಇದೆ. ಅದನ್ನು ಯಾವ ಲೆಕ್ಕಪತ್ರದ ಕಾಲಮ್ಮಿನಲ್ಲಿ ಬರೆಯುತ್ತಾರೋ.

ಹಾಗೆಂದು ಹತ್ತಿರ ಬಂದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ನಂಬಿಲ್ಲ. ನಮ್ಮ ಮಸೀದಿಯ ಜಮಾಅತ್ ಕಮಿಟಿಯನ್ನೇ ನೋಡಿ. ಲೆಕ್ಕ ಸರಿಯಿಲ್ಲದಿದ್ದರೆ ಜುಮಾ ಮುಗಿಸಿ ಬರುವ ಕಾರ್ಯದರ್ಶಿಯನ್ನು ಚಹಾದಂಗಡಿ ಮುಂದೆಯೇ ನಿಲ್ಲಿಸಿ ಕೇಳುವವರಿದ್ದಾರೆ. ಇದು ಹತ್ತಿರದ ಗುಣ. ಆದರೆ ಅದೇ ಹತ್ತಿರದಲ್ಲಿ “ನಮ್ಮವನ ಮಗ” ಎಂಬ ಶಿಫಾರಸೂ ಬೇಗ ತಲುಪುತ್ತದೆ, ಹೆಂಗಸರ ಮಾತು ಮಾತ್ರ ಅಣ್ಣನೋ ಗಂಡನೋ ಹೊತ್ತುಕೊಂಡು ಹೋದರಷ್ಟೇ ಒಳಗೆ ಮುಟ್ಟುತ್ತದೆ. ಸಿಂಡಿಕೇಟಿನಲ್ಲಿ ನಮ್ಮ ಹೆಸರಿನಲ್ಲಿ ಒಂದು ಕುರ್ಚಿ ಇದ್ದರೆ ಸಾಲದು. ಅಲ್ಲಿ ಕುಳಿತವರು ಕಾರ್ಯಸೂಚಿಯ ಕೊನೆಯ ಪುಟವನ್ನೂ ಓದಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಹೆಸರು ತಿದ್ದುಪಡಿಯಂಥ ಕೆಲಸಗಳನ್ನು ಸಿಂಡಿಕೇಟ್ ಒಂದು ನಿರ್ಣಯದ ಮೂಲಕ ಕುಲಸಚಿವರಿಗೆ ವಹಿಸಿ, ಇಷ್ಟು ದಿನದೊಳಗೆ ಎಂದು ಗಡುವು ಹಾಕಬಹುದು. ಆಗ ಸಭೆಗೆ ದೊಡ್ಡ ವಿಷಯಗಳಿಗೆ ಸಮಯ ಸಿಗುತ್ತದೆ. ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಆಗಲೇ ಹೇಳಿದೆ. ನಡಾವಳಿಯನ್ನು ಕನ್ನಡದಲ್ಲಿ, ನಮಗೆ ಅರ್ಥವಾಗುವ ಕನ್ನಡದಲ್ಲಿ, ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಲಿ. ಮುಂದಿನ ಸಭೆ ಯಾವ ದಿನ ಎಂಬುದನ್ನು ಕೌಂಟರಿನ ಪಕ್ಕದ ಗೋಡೆಯ ಮೇಲೆ ಬರೆಯಲಿ. ಘಾಟಿ ಇಳಿದು ಬಂದವಳಿಗೆ ಹೇಳಲು ಆ ಗುಮಾಸ್ತರ ಬಾಯಲ್ಲಿ ಒಂದು ತಾರೀಖಾದರೂ ಇರಲಿ.