ರೋಗಿಯ ಮಾತೂ ಒಂದು ಅಳತೆ

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಎಲ್ಲರ ದೃಷ್ಟಿ ಹರಿಯುವುದು ವರದಿಯ ಅಂಕಿಗಳ ಕಡೆಗೆ. ಆದರೆ ನೋವುಂಡವರ ಮಾತಿಗೂ ಅಂಕಿಯಷ್ಟೇ ತೂಕವಿದೆಯೆಂಬುದು ನಮಗೆ ಮನವರಿಕೆಯಾದದ್ದು ನಮ್ಮ ಅತ್ತಿಗೆಯವರ ಕಾಯಿಲೆಯಿಂದ.

ಅವರಿಗಿರುವುದು ಸಿಸ್ಟಮಿಕ್ ಸ್ಕ್ಲೀರೋಸಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುವ ರೋಗವಿದು. ಚರ್ಮ ಬಿಗಿಯುತ್ತದೆ, ಚಳಿಗೆ ಬೆರಳುಗಳು ಬಿಳಿಚುತ್ತವೆ, ಅನೇಕರಲ್ಲಿ ಶ್ವಾಸಕೋಶವೂ ನಾರುಗಟ್ಟಿ ಗಡುಸಾಗುತ್ತದೆ. ಒಣಕೆಮ್ಮು, ಏದುಸಿರು, ದಣಿವು ಬೆನ್ನು ಹತ್ತುತ್ತವೆ. ಕೊಳವೆಯೊಳಗೆ ಊದಿಸಿ ವೈದ್ಯರು ಉಸಿರಿನ ಸಾಮರ್ಥ್ಯವನ್ನು ಅಳೆಯುತ್ತಾರೆ.

ಒಮ್ಮೆ ವೈದ್ಯರು “ದಮ್ಮು ಹತ್ತುತ್ತದೆಯೇ?” ಎಂದಾಗ ಅತ್ತಿಗೆಯವರು “ಇಲ್ಲರಿ” ಎಂದರು. “ಮಾಳಿಗೆ ಹತ್ತುತ್ತೀರೇನು?” ಎಂಬ ಮರುಪ್ರಶ್ನೆಗೆ ಬಂದ ಉತ್ತರ: “ಅದನ್ನ ಬಿಟ್ಟು ಆರು ತಿಂಗಳಾತ್ರಿ. ರೊಟ್ಟಿ ಬಡಿಯೂದೂ ಸೊಸೀನೇ.” ಏದುಸಿರು ತರುವ ಕೆಲಸಗಳನ್ನೆಲ್ಲ ಒಂದೊಂದಾಗಿ ತೊರೆದವರಿಗೆ ಏದುಸಿರು ಹೇಗೆ ಬಂದೀತು? ವೈದ್ಯರು ಕೂಡಲೇ ಮತ್ತೆ ಊದಿಸಿ ನೋಡಿದರು, ಸಾಮರ್ಥ್ಯ ಕುಗ್ಗಿತ್ತು. ಚಿಕಿತ್ಸೆ ಬದಲಾಯಿತು.

ಯಂತ್ರದ ಅಳತೆಯೊಂದೇ ಸಾಲದೆಂಬುದನ್ನು ಸಂಶೋಧಕರೂ ಬಲ್ಲರು. ೨೦೧೯ರಲ್ಲಿ ಪ್ರಕಟವಾದ ‘ಸೆನ್ಸಿಸ್’ ಅಧ್ಯಯನದಲ್ಲಿ ಇಂಥ ೫೭೬ ರೋಗಿಗಳ ಪೈಕಿ ಒಂದು ಗುಂಪಿಗೆ ನಿಂಟೆಡನಿಬ್ ಎಂಬ ಔಷಧವನ್ನೂ ಇನ್ನೊಂದಕ್ಕೆ ಔಷಧಾಂಶವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. ಉಸಿರಿನ ಸಾಮರ್ಥ್ಯವು ವರ್ಷಕ್ಕೆ ಮೊದಲ ಗುಂಪಿನಲ್ಲಿ ಸರಾಸರಿ ೫೨ ಮಿಲಿಲೀಟರಿನಷ್ಟು, ಎರಡನೆಯದರಲ್ಲಿ ೯೩ ಮಿಲಿಲೀಟರಿನಷ್ಟು ಕುಗ್ಗಿತು. ಔಷಧವು ಕುಸಿತವನ್ನು ನಿಧಾನಗೊಳಿಸಿತು. ಆದರೆ ಕೆಮ್ಮು, ಏದುಸಿರು, ದಿನನಿತ್ಯದ ಓಡಾಟಗಳ ಬಗ್ಗೆ ರೋಗಿಗಳನ್ನೇ ಕೇಳುವ ಸೇಂಟ್ ಜಾರ್ಜ್ ಪ್ರಶ್ನಾವಳಿಯ ಉತ್ತರಗಳಲ್ಲಿ ಎರಡೂ ಗುಂಪುಗಳಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಔಷಧ ಪಡೆದ ಪ್ರತಿ ನಾಲ್ವರಲ್ಲಿ ಸುಮಾರು ಮೂವರಿಗೆ ಭೇದಿಯೂ ಕಾಡಿತು. ಹಾಗೆಂದು ಔಷಧ ವ್ಯರ್ಥವೆಂದಲ್ಲ. ಮುಂಬರುವ ಹಾನಿಯನ್ನು ತಗ್ಗಿಸುವುದೂ ಲಾಭವೇ. ಆ ಲಾಭಕ್ಕೆ ರೋಗಿ ತೆರುವ ಬೆಲೆಯೂ ಲೆಕ್ಕಕ್ಕೆ ಸೇರಬೇಕು, ಅಷ್ಟೆ.

ನಮ್ಮ ಕುಟುಂಬಗಳಲ್ಲಿ ಹೆಣ್ಣುಮಕ್ಕಳು “ಪರವಾಗಿಲ್ಲ” ಎಂದು ನೋವನ್ನು ನುಂಗುವುದೇ ಹೆಚ್ಚು. ವೈದ್ಯರೆದುರು ಅವರ ಪರವಾಗಿ ಗಂಡನೋ ಮಗನೋ ಉತ್ತರಿಸುವುದೂ ಉಂಟು. ಈ ರೋಗ ಹೆಚ್ಚಾಗಿ ಕಾಡುವುದು ಹೆಣ್ಣುಮಕ್ಕಳನ್ನೇ. ಆದ್ದರಿಂದ ಆಸ್ಪತ್ರೆಗೆ ಹೊರಡುವ ಮುನ್ನ ಎಷ್ಟು ಮೆಟ್ಟಿಲಿಗೆ ದಣಿವಾಯಿತು, ರಾತ್ರಿ ಎಷ್ಟು ಸಲ ಕೆಮ್ಮಿನಿಂದ ಎಚ್ಚರವಾಯಿತು, ಯಾವ ಕೆಲಸ ಕೈಬಿಟ್ಟಿತು ಎಂಬುದನ್ನು ಬರೆದಿಟ್ಟುಕೊಳ್ಳುವುದು ಲೇಸು. ಅಲ್ಲಿ ರೋಗಿಯೇ ಮಾತನಾಡಲಿ. ನಾವು ಮನೆಮಂದಿ ಕೇಳಿಸಿಕೊಳ್ಳೋಣ.